ಕಾಂಟೆಸಾ ಮೈ, ಅಂಬಾಸಿಡರ್ ಹೃದಯ

ರಸ್ತೇಲಿ ಕಾಂಟೆಸಾ ಕಂಡ್ರೆ ನಮ್ಮ ವಯಸ್ಸಿನವರು ‘ಇಂಡಿಯಾದ ಮಸಲ್ ಕಾರ್’ ಅಂತ ಫೋನ್ ತೆಗೀತಾರೆ. ಪಕ್ಕದಲ್ಲೇ ಅಂಬಾಸಿಡರ್ ನಿಂತಿದ್ರೆ ‘ಸರ್ಕಾರಿ ಕಾರು ಬಿಡು’ ಅಂತಾರೆ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಎರಡನ್ನೂ ಇಲ್ಲಿ ತಯಾರಿಸಿದ್ದು ಹಿಂದೂಸ್ತಾನ್ ಮೋಟರ್ಸ್, ಎರಡರ ತವರೂ ಇಂಗ್ಲೆಂಡು. ಅಂಬಾಸಿಡರ್‌ನ ಮೂಲ 1956ರ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಕಾಂಟೆಸಾದ್ದು ಎಪ್ಪತ್ತರ ದಶಕದ ವಾಕ್ಸ್‌ಹಾಲ್ ವಿಎಕ್ಸ್. ನಡುವಿನ ಇಪ್ಪತ್ತು ವರ್ಷ ನೋಡಿದ ಕೂಡಲೇ ಗೊತ್ತಾಗುತ್ತೆ. ಅಂಬಾಸಿಡರ್ ಗುಂಡಗೆ, ಎತ್ತರಕ್ಕೆ. ಪಂಚೆ ಉಟ್ಟ ತಾತ ಬೆನ್ನು ಬಗ್ಗಿಸದೆ ಹತ್ತಿ ಕೂರಬಹುದು. ಹಳೇ ಮಾಡೆಲ್‌ಗಳಲ್ಲಿ ಗೇರು ಸ್ಟೀರಿಂಗ್ ಪಕ್ಕದಲ್ಲಿರೋದ್ರಿಂದ ಮುಂದೇನೂ ಮೂರು ಜನ ಹಿಡೀತಾರೆ. ಕಾಂಟೆಸಾ ಉದ್ದ ಮೂತಿಯ, ಅಗಲ ಭುಜದ, ನೆಲಕ್ಕೆ ಹತ್ತಿರದ ಕಾರು. ಚಂದ ಅಂದ್ರೆ ಅದೇ, ಅದರಲ್ಲಿ ತಕರಾರಿಲ್ಲ.

ಬಾನೆಟ್ ಎತ್ತಿದ್ರೆ ಕಥೆ ಬೇರೆ. 1984ರಲ್ಲಿ ಬಂದ ಕಾಂಟೆಸಾದ ಒಳಗಿದ್ದದ್ದು ಅಂಬಾಸಿಡರ್‌ನದೇ 1489 ಸಿಸಿ ಎಂಜಿನ್. ಐವತ್ತರ ದಶಕದ್ದು, ಶಕ್ತಿ ಐವತ್ತು ಹಾರ್ಸ್‌ಪವರ್ ಆಸುಪಾಸು. ಮೈತುಂಬ ಮದುವೆಮನೆ ಶೃಂಗಾರ, ಹೊಟ್ಟೆಗೆ ಗಂಜಿ! ಅದೇ ಎಂಜಿನ್ ಆಕ್ಸ್‌ಫರ್ಡ್‌ನಲ್ಲೂ ಇತ್ತು, ಆ ಮೈಗೆ ಅದು ಸರಿಯಾದ ಜೋಡಿ. ಅದಕ್ಕೇ ಅಂಬಾಸಿಡರ್ ನಿಧಾನ ಅನ್ನಿಸಬಹುದು, ಬೆರಕೆ ಅನ್ನಿಸಲ್ಲ. ಕಾಂಟೆಸಾಗೆ ತಕ್ಕ ಹೃದಯ ಸಿಕ್ಕಿದ್ದು ಆಮೇಲೆ, ಜಪಾನಿನ ಇಸುಜು 1.8 ಮತ್ತು ಐದು ಗೇರು ಬಂದಾಗ. ಅಂಥದ್ದೊಂದನ್ನ ಒಂದು ಭಾನುವಾರ ಬೆಳಿಗ್ಗೆ ಮೇಖ್ರಿ ಸರ್ಕಲ್‌ನಿಂದ ಯಲಹಂಕದ ತನಕ ಓಡಿಸಿದೀನಿ. ಹೆಬ್ಬಾಳದ ಫ್ಲೈಓವರ್ ಏರಿದ್ದೇ ಗೊತ್ತಾಗಲಿಲ್ಲ.

ತಮಾಷೆ ಏನಪ್ಪಾ ಅಂದ್ರೆ, ತೊಂಬತ್ತರ ದಶಕದಲ್ಲಿ ಅದೇ ಇಸುಜು ಎಂಜಿನ್ ಅಂಬಾಸಿಡರ್‌ಗೂ ಬಂತು. ತಂಗಿಗೆ ಕೊಟ್ಟ ಸಾಲವನ್ನ ಅಕ್ಕ ಬಡ್ಡಿ ಸಮೇತ ವಸೂಲಿ ಮಾಡಿದಳು. ತಂಗಿಯ ಉತ್ಪಾದನೆ 2002ಕ್ಕೇ ಮುಗೀತು, ಅಕ್ಕನದು 2014ರವರೆಗೂ ನಡೀತು.

ಇದನ್ನೆಲ್ಲ ಯಾಕೆ ಕೊರೀತಿದೀನಿ ಅಂದ್ರೆ, ಯಲಹಂಕದ ಗೆಳೆಯನೊಬ್ಬ ಸೇವಿಂಗ್ಸ್ ಪೂರ್ತಿ ಸುರಿದು 1985ರ ಕಾಂಟೆಸಾ ತಗೊಳ್ಳೋಕೆ ಹೊರಟಿದಾನೆ. ತಗೊಂಡು ಹೊಸ ಎಂಜಿನ್ ಕೂರಿಸ್ತಾನಂತೆ. 2021ರ ಕೇಂದ್ರದ ನಿಯಮದ ಪ್ರಕಾರ ‘ವಿಂಟೇಜ್’ ಅನ್ನಿಸಿಕೊಳ್ಳೋಕೆ ಕಾರಿಗೆ ಐವತ್ತು ವರ್ಷ ದಾಟಿರಬೇಕು, ಎಂಜಿನ್, ಬಾಡಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 1970ರ ಅಂಬಾಸಿಡರ್ ಈಗಲೇ ಆ ವಯಸ್ಸು ದಾಟಿದೆ. ಇವನ ಕಾಂಟೆಸಾ 2035ರವರೆಗೆ ಬರೀ ಹಳೇ ಕಾರು, ಎಂಜಿನ್ ಬದಲಿಸಿದ್ರೆ ಆಮೇಲೂ ಕಷ್ಟ. ಹುಟ್ಟುವಾಗಲೇ ಬೇರೆಯವರ ಹೃದಯ ಹೊತ್ತು ಬಂದ ಕಾರಿಗೆ ಆ ಎಂಜಿನ್ನೇ ‘ಒರಿಜಿನಲ್’, ನೋಡಿ!

‘ಓಡಿಸೋಕಾದ್ರೆ 1.8 ಹುಡುಕು, ಇಟ್ಟುಕೊಳ್ಳೋಕಾದ್ರೆ ಇದನ್ನ ಮುಟ್ಟದೆ ಇಟ್ಟುಕೋ’ ಅಂದೆ. ಹೂಂ ಅಂದ. ಮಾರನೇ ದಿನ ಆರ್.ಟಿ. ನಗರದ ಗ್ಯಾರೇಜಲ್ಲಿ ಎಂಜಿನ್ ರೇಟು ವಿಚಾರಿಸ್ತಿದ್ದನಂತೆ.