ಕಾಣುವಾತನೂ ಅನುತಾಪಪಡುವಾತನೂ: ‘ದ ಸರ್ಕಲ್’ ಕಾದಂಬರಿಯ ಒಂದು ವಿಮರ್ಶೆ

ಡೇವ್ ಎಗ್ಗರ್ಸ್ ಅವರ ‘ದ ಸರ್ಕಲ್’ (2013) ಕಾದಂಬರಿಯನ್ನು ಅಂತರಜಾಲ ಕಂಪನಿಗಳ ವಿಡಂಬನೆಯೆಂದು ಓದುವುದು ವಾಡಿಕೆ. ನಾವು ಅದನ್ನು ಮಾನವದೇಹದ ಕುರಿತ ಕೃತಿಯಾಗಿಯೂ ಓದಬೇಕಾಗಿದೆ. ಕೆಲಸಕ್ಕೆ ಹೊಸದಾಗಿ ಸೇರಿದ ಮೇ ಹಾಲೆಂಡ್, ಸಂಸ್ಥೆಯ ವೈದ್ಯೆ ಕೊಟ್ಟ ಹಸಿರು ಪಾನೀಯವನ್ನು ಕುಡಿಯುತ್ತಾಳೆ. ಅದರಲ್ಲಿ ಸಂವೇದಕವೊಂದು ಇತ್ತೆಂದು ಆಕೆಗೆ ತಿಳಿಯುವುದು ನುಂಗಿದ ಮೇಲೆಯೇ. ಅಂದಿನಿಂದ ಆಕೆಯ ದೇಹಸ್ಥಿತಿಯ ಅಂಕಿಗಳು ಮಣಿಕಟ್ಟಿನ ಪಟ್ಟಿಯಲ್ಲಿ ಮೂಡುತ್ತವೆ.

ಇದು ಕಲ್ಪನೆಯಾಗಿಯೇ ಉಳಿಯಲಿಲ್ಲ. 2017ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ‘ಅಬಿಲಿಫೈ ಮೈಸೈಟ್’ ಎಂಬ ಮಾತ್ರೆಗೆ ಅನುಮತಿ ನೀಡಿತು. ಸ್ಕಿಜೋಫ್ರೇನಿಯಾ ಮುಂತಾದ ಮನೋರೋಗಗಳಿಗೆ ಕೊಡುವ ಈ ಮಾತ್ರೆಯೊಳಗಿನ ಸಂವೇದಕವು ಜಠರರಸ ತಾಗಿದಾಗ ಸಂಕೇತವನ್ನು ಹೊಮ್ಮಿಸುತ್ತದೆ. ಮೈಗೆ ಅಂಟಿಸಿದ ಪಟ್ಟಿಯು ಅದನ್ನು ಗ್ರಹಿಸಿ ಮೊಬೈಲಿಗೆ ಕಳುಹಿಸುತ್ತದೆ. ರೋಗಿಯು ಒಪ್ಪಿದರೆ ವೈದ್ಯರೂ ಆರೈಕೆದಾರರೂ ಅದನ್ನು ನೋಡಬಹುದು. ಆದರೆ ಇದರಿಂದ ರೋಗಿಗಳು ಔಷಧವನ್ನು ಹೆಚ್ಚು ಕ್ರಮವಾಗಿ ಸೇವಿಸುತ್ತಾರೆಂಬುದು ರುಜುವಾತಾಗಿಲ್ಲವೆಂದು ಆ ಆಡಳಿತವೇ ಅಂದು ತಿಳಿಸಿತ್ತು. ಯಾರೋ ತನ್ನನ್ನು ಗಮನಿಸುತ್ತಿದ್ದಾರೆಂಬ ಭಯದಿಂದ ನರಳುವವನಿಗೆ ಗಮನಿಸುವ ಮದ್ದನ್ನೇ ಕೊಡುವುದು ಸಣ್ಣ ಸಂಗತಿಯಲ್ಲ.

ಕಾದಂಬರಿಯ ನಿಜವಾದ ಬಲವು ಇಂತಹ ಕೊಡುಗೆಗಳ ಬೆಲೆಯನ್ನು ತೋರಿಸುವುದರಲ್ಲಿದೆ. ಮೇಯ ತಂದೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಸಂಸ್ಥೆಯು ಆತನಿಗೆ ಆರೋಗ್ಯವಿಮೆಯನ್ನು ಕೊಡುತ್ತದೆ. ಅದರ ಬೆನ್ನಿಗೇ ಮನೆಯೊಳಗೆ ಕ್ಯಾಮೆರಾಗಳು ಬರುತ್ತವೆ. ತಂದೆತಾಯಿಗಳು ಅವುಗಳನ್ನು ಮುಚ್ಚಿಬಿಟ್ಟಾಗ ಮಗಳಿಗೆ ಅದು ಕೃತಘ್ನತೆಯಾಗಿ ಕಾಣುತ್ತದೆ.

ಕೃತಿಯ ಕೊರತೆಯೂ ಇಲ್ಲಿಯೇ ಆರಂಭವಾಗುತ್ತದೆ. ಕೊನೆಯ ಭಾಗದಲ್ಲಿ ಸಹೋದ್ಯೋಗಿಯೊಬ್ಬನು ಇಬ್ರಿಯ 4:13ನ್ನು ನೆನಪಿಸಿ, ಸಕಲವನ್ನೂ ಕಾಣುವ ದೇವರ ಕಣ್ಣು ಇನ್ನು ಮನುಷ್ಯರದಾಯಿತೆಂದು ಹಿಗ್ಗುತ್ತಾನೆ. ಎಗ್ಗರ್ಸ್ ಇದಕ್ಕೆ ಉತ್ತರ ಕೊಡುವುದಿಲ್ಲ. ಮರ್ಸರ್ ಎಂಬ ಪಾತ್ರದ ಪಲಾಯನ ಮತ್ತು ಸಾವನ್ನಷ್ಟೇ ಎದುರಿಗಿಡುತ್ತಾರೆ. ಕಾಣಿಸಿಕೊಳ್ಳುವುದೆಂದರೆ ಸೋಲು, ಅಡಗುವುದೊಂದೇ ಬಿಡುಗಡೆ ಎಂಬಂತಾಗುತ್ತದೆ.

ಪತ್ರಿಕೆಯ ಕರ್ತನಾದರೋ 13ನೆಯ ವಚನದಲ್ಲಿ ನಿಲ್ಲುವುದಿಲ್ಲ. ಅಲ್ಲಿ ‘ಬೈಲಾದದ್ದು’ ಎಂಬರ್ಥದ ಗ್ರೀಕ್ ಪದವು ಕೊರಳೆಂಬ ಪದದಿಂದ ಹುಟ್ಟಿದೆ. ಕೊರಳು ತೆರೆದು ನಿಂತವನ ಅಸಹಾಯಕತೆ ಅದರಲ್ಲಿದೆ. ಒಡನೆಯೇ 15ನೆಯ ವಚನವು ನಮ್ಮ ಬಲಹೀನತೆಯಲ್ಲಿ ಅನುತಾಪಪಡುವ ಮಹಾಯಾಜಕನನ್ನು ಮುಂದಿಡುತ್ತದೆ. ಆತನು ರಕ್ತಮಾಂಸಗಳಲ್ಲಿ ನಮ್ಮೊಡನೆ ಪಾಲುಗಾರನಾದವನು (2:14). ನಮ್ಮನ್ನು ಕಾಣುವಾತನು ತಾನೂ ಬೈಲಾದವನು. ಸಂವೇದಕದ ಆಚೆ ಕುಳಿತು ನೋಡುವವರಾದರೋ ತಮ್ಮದೇನನ್ನೂ ತೆರೆದಿಡುವುದಿಲ್ಲ.

ಈ ಸಾಧನಗಳನ್ನೇ ತಿರಸ್ಕರಿಸಬೇಕೆಂಬುದು ನಮ್ಮ ವಾದವಲ್ಲ. ರಾತ್ರಿಯಲ್ಲಿ ಮಧುಮೇಹಿ ಮಗುವಿನ ಸಕ್ಕರೆ ಕುಸಿದಾಗ ತಾಯಿಯನ್ನು ಎಬ್ಬಿಸುವ ಸಂವೇದಕವು ಒಂದು ವರ. ಅಲ್ಲಿ ನೋಡುವವಳು ಎದ್ದು ಬರುತ್ತಾಳೆ. ಆದುದರಿಂದ ರೋಗಿಗಳನ್ನು ಸಂದರ್ಶಿಸುವ ಸಭಾಪಾಲಕರು ಮೂರು ಪ್ರಶ್ನೆಗಳನ್ನು ಕೇಳಲು ಕಲಿಯಬೇಕು: ನಿಮ್ಮ ದೇಹದ ಸುದ್ದಿಯನ್ನು ಯಾರು ಓದುತ್ತಾರೆ? ಅದನ್ನು ನಿಲ್ಲಿಸುವ ಅಧಿಕಾರ ನಿಮಗಿದೆಯೇ? ಓದಿದವರು ನಿಮ್ಮ ಬಳಿಗೆ ಬರುತ್ತಾರೆಯೇ?