ಗೋಡೆ ಹೇಳುವ ತಾಳ

ಬೀದಿ ಗಣೇಶನ ಆರ್ಕೆಸ್ಟ್ರಾದಲ್ಲಿ ಲಯ ಕೆಡದಂತೆ ಡ್ರಮ್ಸ್ ನುಡಿಸಿದವನನ್ನು ಎಂಥ ದೊಡ್ಡ ವೇದಿಕೆಗಾದರೂ ಧೈರ್ಯವಾಗಿ ಕಳಿಸಬಹುದು. ದೊಡ್ಡ ಕಾರ್ಯಕ್ರಮಗಳಲ್ಲಿ ಡ್ರಮ್ಮರನ ಕಿವಿಗೆ ಇಯರ್‌ಫೋನ್ ಇರುತ್ತದೆ, ಅದರೊಳಗೆ ತಾಳ ತೋರಿಸುವ ಕ್ಲಿಕ್ ಓಡುತ್ತಿರುತ್ತದೆ. ಬೀದಿಯಲ್ಲಿ ಎದುರಿನ ಗೋಡೆ ಬೇರೆಯದೇ ತಾಳ ಹೇಳುತ್ತಿರುವಾಗ ತನ್ನದನ್ನು ತಾನೇ ಕಾಯ್ದುಕೊಳ್ಳಬೇಕು.

ಕಳೆದ ಭಾದ್ರಪದದಲ್ಲಿ ಮೈಸೂರಿನ ಅಗ್ರಹಾರದ ಕಡೆ ಒಂದು ಅಡ್ಡರಸ್ತೆಯಲ್ಲಿ ನುಡಿಸಿದೆವು. ಹಲಗೆ ಹಾಸಿದ ಪುಟ್ಟ ವೇದಿಕೆ, ಎರಡು ಬದಿಗೂ ಸ್ಪೀಕರ್ ಬಾಕ್ಸು, ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ಹಿಂದೆ ಮೂರಂತಸ್ತಿನ ಕಟ್ಟಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಗೋಡೆ 34 ಮೀಟರ್ ದೂರವಿದ್ದರೆ ಸ್ನೇರ್ ಮೇಲೆ ಬಿದ್ದ ಪೆಟ್ಟು ಹೋಗಿ ಮರಳಲು 0.2 ಸೆಕೆಂಡ್. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಬೀಟಿಂದ ಬೀಟಿಗೆ ಅರ್ಧ ಸೆಕೆಂಡ್ ಅಷ್ಟೆ. ಹಾಗಾಗಿ ಎರಡು ಬೀಟುಗಳ ಹೆಚ್ಚುಕಡಿಮೆ ನಡುವೆ, ಕಲಿಯುವ ಹುಡುಗನೊಬ್ಬ ಜೊತೆಗೆ ಕೂತು ಬಾರಿಸುತ್ತಿರುವಂತೆ, ನನ್ನದೇ ಪೆಟ್ಟು ನನಗೆ ವಾಪಸು ಕೇಳುತ್ತಿರುತ್ತದೆ. ಅದಕ್ಕೆ ಕಿವಿಗೊಟ್ಟರೆ ಹಾಡು ಡ್ರ್ಯಾಗ್ ಆಗತೊಡಗುತ್ತದೆ.

ಜನರ ಚಪ್ಪಾಳೆಯೂ ಹೀಗೆಯೇ. ಹದಿನೇಳು ಮೀಟರ್ ಆಚೆ ಕೂತವರಿಗೆ ನಮ್ಮ ಬೀಟು ಮುಟ್ಟುವುದು 0.05 ಸೆಕೆಂಡ್ ತಡವಾಗಿ. ಅವರ ಚಪ್ಪಾಳೆ ನಮಗೆ ಮುಟ್ಟಲು ಮತ್ತಷ್ಟೇ. ಪ್ರೀತಿಯಿಂದ ತಟ್ಟುವ ಆ ಕೈಗಳನ್ನು ಹಿಂಬಾಲಿಸಿದರೆ ನಾಲ್ಕು ಸಾಲು ಮುಗಿಯುವುದರೊಳಗೆ ಗಾಯಕರಿಗೆ ಉಸಿರು ಸಾಲದಾಗುತ್ತದೆ.

ಹಾಗಾದರೆ ಯಾವುದನ್ನು ಹಿಡಿಯಬೇಕು? ನಾನು ಬೇಸ್ ಗಿಟಾರ್ ಹಿಡಿಯುತ್ತೇನೆ. ಅದನ್ನು ನುಡಿಸುವವರನ್ನು ಹೈ-ಹ್ಯಾಟಿನ ಪಕ್ಕಕ್ಕೇ ಕರೆದು ನಿಲ್ಲಿಸಿಕೊಳ್ಳುತ್ತೇನೆ. ಅಂದು ಶುರುವಾದದ್ದು 1981ರ ‘ಗೀತಾ’ ಚಿತ್ರದ ಹಾಡಿನಿಂದ. ಇಳಯರಾಜರ ಸಂಗೀತದಲ್ಲಿ ಬೇಸ್ ತಾನೇ ಒಂದು ರಾಗವಾಗಿ ನಡೆಯುತ್ತದೆ. ಆ ಬೆರಳುಗಳನ್ನು ನೋಡುತ್ತಿದ್ದರೆ ಗೋಡೆ ಮರೆತುಹೋಗುತ್ತದೆ. ಇನ್ನೊಂದು ಆಸರೆ ಎಡಗಾಲು. ಹೈ-ಹ್ಯಾಟಿನ ಪೆಡಲ್ ಮೇಲೆ ಅದು ಬಿಡದೆ ಆಡುತ್ತಿದ್ದರೆ ಕಾಲ ತೊಡೆಯಲ್ಲೇ ಇರುತ್ತದೆ, ಕಿವಿ ಏನಾದರೂ ಹೇಳಿಕೊಳ್ಳಲಿ. ಜೋರಾಗಿ ಬಾರಿಸಿ ಗೋಡೆಯನ್ನು ಗೆಲ್ಲುತ್ತೇನೆ ಅಂತ ಮಾತ್ರ ಹೊರಡಬಾರದು. ಜೋರಾದಷ್ಟೂ ಪ್ರತಿಧ್ವನಿಯೂ ಜೋರು, ತೋಳು ಬೇರೆ ಸೋಲುತ್ತದೆ.

ಮಧ್ಯೆ ಜಿಟಿಜಿಟಿ ಮಳೆ ಹಿಡಿಯಿತು. ತಬಲಾದವರು ಥಂಡಿಗೆ ಇಳಿದ ಶ್ರುತಿಯನ್ನು ಸುತ್ತಿಗೆಯಿಂದ ತಟ್ಟಿ ಏರಿಸುತ್ತ ಕೂತರು. ನನ್ನ ಡ್ರಮ್ಮಿಗೆ ಆ ಕಷ್ಟವಿಲ್ಲ. 1950ರ ದಶಕದಲ್ಲಿ ಕರುವಿನ ಚರ್ಮದ ಜಾಗಕ್ಕೆ ಪಾಲಿಯೆಸ್ಟರ್ ಹಾಳೆ ಬಂದಾಗಿನಿಂದ ಡ್ರಮ್ಮರುಗಳು ಮಳೆಗಾಲಕ್ಕೆ ಹೆದರುವುದಿಲ್ಲ. ಆದರೂ ಶ್ರುತಿ ಸೇರಿದ ಮೇಲೆ ತಬಲಾದವರ ಎಡಗೈಯ ಬಾಯಾದಿಂದ ಹೊರಟ ಗಮಕ ನನ್ನ ಯಾವ ಟಾಮ್‌ಗೂ ಬಾರದು.

‘ಪ್ರೇಮಲೋಕ’ದ ಹಾಡು ಬಂದಾಗ ಶಿಳ್ಳೆ ಎದ್ದಿತು, ಗಾಯಕ ಹುರುಪಿನಲ್ಲಿ ಓಡತೊಡಗಿದ. ಅಂಥ ಹೊತ್ತಿನಲ್ಲಿ ನಾನು ಫಿಲ್‌ಗಳನ್ನೆಲ್ಲ ಬಿಟ್ಟು ಬರೀ ಕಿಕ್ ಮತ್ತು ಸ್ನೇರ್ ಉಳಿಸಿಕೊಳ್ಳುತ್ತೇನೆ. ಕೆಳಗೆ ನೆಲ ಗಟ್ಟಿಯಾದರೆ ಹಾಡುವವರು ತಾವಾಗಿ ಬಂದು ನಿಲ್ಲುತ್ತಾರೆ. ಎರಡನೆಯ ಚರಣಕ್ಕೆ ಅವನೂ ಬಂದ.

ಸಮಿತಿಯವರಲ್ಲಿ ಒಂದು ಬಿನ್ನಹ: ಮುಂದಿನ ವರ್ಷ ವೇದಿಕೆಯನ್ನು ಕಟ್ಟಡಕ್ಕೆ ಎದುರಾಗಿ ಹಾಕದೆ ರಸ್ತೆಯ ಉದ್ದಕ್ಕೆ ಮುಖ ಮಾಡಿ ಹಾಕಿ. ಸೀರಿಯಲ್ ಸೆಟ್ಟಿಗೆ ಎತ್ತಿಟ್ಟ ಹಣದಲ್ಲಿ ಸ್ವಲ್ಪ ಉಳಿಸಿ, ಡ್ರಮ್ಮರನ ಕಾಲ ಬಳಿ ಒಂದು ಮಾನಿಟರ್ ಬಾಕ್ಸ್ ಇಡಿಸಿ.