ಗಟ್ಟಿ, ಪೆಡಸು, ಹದ

ಜಯನಗರದ ಸಂಜಯ ಗಾಂಧಿ ಸಂಸ್ಥೆಯಂತಹ ಅಸ್ಥಿಚಿಕಿತ್ಸಾಲಯಗಳಿಂದ ಲೋಹದ ಪಟ್ಟಿಯನ್ನೋ ಸಲಾಕೆಯನ್ನೋ ಮೈಯೊಳಗೆ ಇರಿಸಿಕೊಂಡು ಮನೆಗೆ ಮರಳುವವರು ಅನೇಕರು. ಅವರ ಧೈರ್ಯಕ್ಕೆ ಆಧಾರವಾದುದು 'ಗಟ್ಟಿ' ಎಂಬ ಒಂದೇ ಮಾತು. ಕನ್ನಡದಲ್ಲಿ ಶಾಸ್ತ್ರವನ್ನು ಬರೆಯುವವರೂ ಇದರಿಂದಲೇ ತೃಪ್ತರಾಗುವುದುಂಟು. ಈ ಮಾತು ಎಷ್ಟರಮಟ್ಟಿಗೆ ಸಮರ್ಪಕವೆಂಬುದು ವಿಚಾರಾರ್ಹವಾಗಿದೆ.

'ಗಟ್ಟಿ'ಯಲ್ಲಿ ಮೂರು ಗುಣಗಳು ಬೆರೆತುಹೋಗಿವೆ. ಗೀರಿಗೆ ಜಗ್ಗದಿರುವುದು ಗಡಸು. ಭಾರಕ್ಕೆ ಸಿಕ್ಕಿ ಸೊಟ್ಟಗಾಗಿ ಉಳಿಯದಿರುವುದು ಬಲ. ಭಾರವಿರುವಾಗಲೂ ಮಣಿಯದಿರುವುದು ಪೆಡಸು. ಮೂಳೆಗೆ ಬೇಕಾದುದು ಬಲ. ಅತಿಯಾದ ಪೆಡಸು ಹಾನಿಕರ. ಉಕ್ಕಿನ ಪೆಡಸು ಮೂಳೆಯದಕ್ಕಿಂತ ಸುಮಾರು 10 ಪಟ್ಟು ಹೆಚ್ಚು. ಟೈಟೇನಿಯಂ ಮಿಶ್ರಲೋಹದ್ದು ಉಕ್ಕಿನದರ ಅರ್ಧದಷ್ಟು. ಭಾರವನ್ನೆಲ್ಲ ಲೋಹವೇ ಹೊತ್ತರೆ ಮೂಳೆಯು ಕೆಲಸವಿಲ್ಲದೆ ಕ್ಷೀಣಿಸುತ್ತದೆ. ಮೂಳೆ ಕೂಡುವ ಮೊದಲೇ ಭಾರ ಹಾಕಿ ನಡೆದರೆ, ಒಂದೇ ಪೆಟ್ಟಿಗೆ ಮುರಿಯದ ಪಟ್ಟಿಯೂ ಸಾವಿರಾರು ಹೆಜ್ಜೆಗಳ ದಣಿವಿನಿಂದ ಬಿರಿಯಬಹುದು. 'ಗಟ್ಟಿ' ಎಂಬ ಮಾತು ಈ ಎರಡು ಅಪಾಯಗಳನ್ನೂ ಮರೆಮಾಡುತ್ತದೆ.

ಇನ್ನು ಬಲಪಡಿಸುವ ಕ್ರಿಯೆಯ ಹೆಸರು. ಸುಶ್ರುತಸಂಹಿತೆಯ ಸೂತ್ರಸ್ಥಾನವು ಶಸ್ತ್ರಗಳಿಗೆ ಕ್ಷಾರ, ಉದಕ, ತೈಲಗಳೆಂಬ ಮೂರು ಬಗೆಯ ಪಾಯನವನ್ನು ಹೇಳುತ್ತದೆ. ಕಾದ ಲೋಹವನ್ನು ದ್ರವದಲ್ಲಿ ಅದ್ದುವುದೇ ಪಾಯನ. ಈ ಪ್ರಾಚೀನ ಶಬ್ದವನ್ನೇ ಪರಿಭಾಷೆಯಾಗಿ ಸ್ವೀಕರಿಸಬಹುದೆಂಬ ಪಕ್ಷವು ಮೇಲುನೋಟಕ್ಕೆ ಯುಕ್ತವೇ ಸರಿ. ಆದರೆ ಶರೀರದೊಳಗೆ ಇಡುವ 316ಎಲ್ ಎಂಬ ಉಕ್ಕು ಕಾಸಿ ಅದ್ದಿದರೆ ಗಡಸಾಗದು, ಮೆತ್ತಗಾಗುತ್ತದೆ. ಅದನ್ನು ಕಾಸದೆಯೇ ಎಳೆದು, ಒತ್ತಿ ಬಲಪಡಿಸಬೇಕು. ಆಗ ಹರಳುಗಳೊಳಗೆ ತೊಡಕುಗಳು ಹೆಚ್ಚಿ, ಪದರದ ಮೇಲೆ ಪದರ ಜಾರುವುದು ಕಷ್ಟವಾಗುತ್ತದೆ. ಈ ಕ್ರಿಯೆ ಮಿತಿಮೀರಿದರೆ ಬಾಗುವ ಗುಣ ಕುಂದುತ್ತದೆ. ವೈದ್ಯನು ಪಟ್ಟಿಯನ್ನು ಮೂಳೆಯ ಆಕಾರಕ್ಕೆ ಬಗ್ಗಿಸಲಾರನು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲುದೇ ಇಲ್ಲಿಯ ವಿದ್ಯೆ.

ಈ ವಿದ್ಯೆಗೆ ಕನ್ನಡದಲ್ಲಿ ಹೆಸರಿಲ್ಲವೆನ್ನಲಾಗದು. ಮಣ್ಣಿಗೂ ತೊಗಲಿಗೂ ಪಾಕಕ್ಕೂ ಸಲ್ಲುವ 'ಹದ'ವು ಕುಲುಮೆಗೂ ಸಲ್ಲುತ್ತದೆ. ಅದು ಬೆಂಕಿಯನ್ನಾಗಲಿ ನೀರನ್ನಾಗಲಿ ನಿಯಮಿಸದೆ, ಸಾಧಿಸಬೇಕಾದ ಮಿತಿಯನ್ನು ಮಾತ್ರ ಸೂಚಿಸುತ್ತದೆ. ಆದುದರಿಂದ ಪಾಯನವನ್ನು ಹದದ ಒಂದು ಪ್ರಭೇದವೆಂದು ಇಟ್ಟುಕೊಳ್ಳುವುದು ಉಚಿತ. ಆಂಗ್ಲರ 'ವೂಟ್ಸ್' ಕನ್ನಡದ 'ಉಕ್ಕು' ಶಬ್ದದಿಂದ ಬಂದುದೆಂಬುದು ಬಹುಮಂದಿ ವಿದ್ವಾಂಸರ ಮತ. ಹೊರಗಿನವರಿಗೆ ಉಕ್ಕಿನ ಹೆಸರನ್ನು ಕೊಟ್ಟ ಭಾಷೆಯು ಅದರ ಗುಣಗಳನ್ನು ವಿಂಗಡಿಸಿ ಹೇಳಲಾರದೆ? ಬನಶಂಕರಿಯ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೇ ಮೊದಲಾದ ಸಂಸ್ಥೆಗಳ ಲೇಖಕರೂ ಕನ್ನಡದ ಅಧ್ಯಾಪಕರೂ ಕೂಡಿ ಈ ಮಾತುಗಳನ್ನು ನೆಲೆಗೊಳಿಸುವುದು ಯುಕ್ತವಾಗಿದೆ. ಊರುಗೋಲನ್ನು ಎಂದು ಬಿಡಬೇಕೆಂಬುದು ರೋಗಿಗೆ ಸರಿಯಾಗಿ ತಿಳಿಯುವುದೂ ಈ ಶಬ್ದವಿವೇಕವನ್ನೇ ಅವಲಂಬಿಸಿದೆ.